ಚೆಂಡು ಕೊಟ್ಟ ಮೇಲಿನ ಎರಡೂವರೆ ಸೆಕೆಂಡು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲರ ಕಣ್ಣೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ. ಅವನ ಮುಂದೆ ಐದು ಜನ ಭಾರಿ ಆಳುಗಳು ಸಾಲಾಗಿ ನಿಂತಿರುತ್ತಾರೆ. ನುಗ್ಗಿ ಬರುವ ಎದುರಾಳಿಗಳನ್ನು ತಡೆಯುವುದು ಅವರ ಕೆಲಸ. ಸಾಲಿನ ನಟ್ಟನಡುವೆ ಇರುವವನು ಸೆಂಟರ್. ಅವನು ಬಗ್ಗಿ, ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟರೇನೇ ಆಟ ಶುರು. ಇದಕ್ಕೆ ಸ್ನ್ಯಾಪ್ ಅಂತಾರೆ. ಸ್ನ್ಯಾಪ್ ಆದಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಎಸೆಯಲು ಸಿಗುವುದು ಸಾಮಾನ್ಯವಾಗಿ ಎರಡೂವರೆ ಸೆಕೆಂಡಿನ ಆಸುಪಾಸು. ಈ ಸಾಲು ದುಡಿದು ತಂದುಕೊಡುವುದು ಆ ಸಮಯವನ್ನೇ.

ಸಾಲು ಕುಸಿದರೆ ಏನಾಗುತ್ತದೆ ಅನ್ನೋದನ್ನು 2021ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಜಗತ್ತು ನೋಡಿತು. ಕನ್ಸಾಸ್ ಸಿಟಿ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪಂದ್ಯದುದ್ದಕ್ಕೂ ತಪ್ಪಿಸಿಕೊಂಡು ಓಡಾಡಿದ್ದೇ ಆಯಿತು. ತಂಡ 31–9ರಿಂದ ಸೋತಿತು. ಚೀಫ್ಸ್ ಆಮೇಲೆ ಐದಕ್ಕೆ ಐದೂ ಜನರನ್ನು ಬದಲಿಸಿತು. ನಡುವಿನ ಜಾಗಕ್ಕೆ ಬಂದವರು ಒಕ್ಲಹೋಮಾ ವಿಶ್ವವಿದ್ಯಾಲಯದ ಕ್ರೀಡ್ ಹಂಫ್ರಿ. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ 63ನೆಯವರು. ಮೊದಲ ವರ್ಷವೇ, 22ರ ವಯಸ್ಸಿನಲ್ಲಿ, 17 ಪಂದ್ಯಗಳಲ್ಲೂ ಶುರುವಿನಿಂದಲೇ ಆಡಿದರು. ಸಾಲಿನ ಕಡೆ ತಿರುಗಿಯೂ ನೋಡದ ಅಭಿಮಾನಿಗಳು ಸೆಂಟರ್ ಬಗ್ಗೆ ಮಾತಾಡತೊಡಗಿದರು. 2023ರ ಸೂಪರ್ ಬೌಲ್‌ನಲ್ಲಿ ಎದುರಿದ್ದ ಫಿಲಡೆಲ್ಫಿಯಾ ಈಗಲ್ಸ್ ತಂಡ ಆ ಋತುವಿನ ಲೀಗ್ ಪಂದ್ಯಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಸಲ ಕೆಡವಿತ್ತು. ಆ ರಾತ್ರಿ ಮಹೋಮ್ಸ್ ಅವರನ್ನು ಒಂದು ಸಲವೂ ಕೆಡವಲು ಆಗಲಿಲ್ಲ. ಚೀಫ್ಸ್ 38–35ರಿಂದ ಗೆದ್ದಿತು.

ಇಷ್ಟು ಚಿಕ್ಕ ವಯಸ್ಸಿನವರಿಗೆ ಇದು ಹೇಗೆ ಸಾಧ್ಯವಾಯಿತು? ಮೈಬಲ ಅನ್ನುವುದು ಅರ್ಧ ಉತ್ತರ ಮಾತ್ರ.

ಮೊದಲು ಚೆಂಡು ನೋಡಿ. ಉದ್ದ ಸುಮಾರು 28 ಸೆಂಟಿಮೀಟರ್, ತೂಕ 400 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಎರಡೂ ತುದಿ ಚೂಪು. ಕ್ವಾರ್ಟರ್‌ಬ್ಯಾಕ್ ಎಷ್ಟೋ ಸಲ ನಾಲ್ಕೂವರೆ ಮೀಟರ್ ಹಿಂದೆ ನಿಂತಿರುತ್ತಾನೆ. ಅವನ ಕಣ್ಣು ಎದುರಾಳಿಗಳ ಮೇಲಿರಬೇಕು, ಚೆಂಡಿನ ಮೇಲಲ್ಲ. ಹಾಗಾಗಿ ಚೆಂಡು ಪ್ರತಿ ಸಲವೂ ಅದೇ ಎತ್ತರಕ್ಕೆ, ಅದೇ ವೇಗದಲ್ಲಿ ಬರಬೇಕು. ಸೆಂಟರ್ ಮಣಿಕಟ್ಟು ತಿರುಗಿಸಿ ಕೊಟ್ಟರೆ ಚೆಂಡು ಗಿರಗಿರ ಸುತ್ತುತ್ತಾ ಹೋಗುತ್ತದೆ. ಸುತ್ತುವ ಬುಗುರಿ ನೆಟ್ಟಗೆ ನಿಲ್ಲುವ ಹಾಗೆ, ಸುತ್ತುವ ಚೆಂಡಿನ ಮೂತಿಯೂ ಸುಲಭಕ್ಕೆ ದಿಕ್ಕು ತಪ್ಪುವುದಿಲ್ಲ. ಹಂಫ್ರಿ ಎಡಚರು. ಹೆಚ್ಚಿನ ಸೆಂಟರ್‌ಗಳು ಬಲಗೈಯವರು. ಅಂದರೆ ಇವರ ಚೆಂಡು ಉಲ್ಟಾ ಸುತ್ತುತ್ತದೆ, ಹೊಲಿಗೆಯ ದಾರವೂ ಬೇರೆ ಕಡೆ ತಿರುಗಿ ಬಂದು ಕೈ ಸೇರುತ್ತದೆ. ಹಿಡಿಯುವ ಕೈಗಳು ಅದಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ.

ಚೆಂಡು ಕೈಬಿಟ್ಟ ಕ್ಷಣವೇ ಸೆಂಟರ್‌ಗೆ ಇನ್ನೊಂದು ಕೆಲಸ. ಮೂತಿಗೆ ಮೂತಿ ತಾಗುವಷ್ಟು ಹತ್ತಿರದಲ್ಲಿ 150 ಕೆಜಿಯ ಆಳೊಬ್ಬ ಕಾದಿರುತ್ತಾನೆ. ಚೆಂಡು ಯಾವಾಗ ಕದಲುತ್ತದೆ ಅಂತ ಸೆಂಟರ್‌ಗೆ ಮೊದಲೇ ಗೊತ್ತು. ಎದುರಾಳಿಗೆ ಅದು ಕದಲಿದ್ದನ್ನು ನೋಡಿಯೇ ಗೊತ್ತಾಗಬೇಕು. ಕಣ್ಣಿಗೆ ಕಂಡದ್ದಕ್ಕೆ ಮೈ ಕದಲಲು ಸುಮಾರು 0.2 ಸೆಕೆಂಡು ಬೇಕು. ಅದೇನು ದೊಡ್ಡದು ಅನ್ನಿಸಬಹುದು. ಒಂದು ಲೆಕ್ಕ ಹಾಕೋಣ. ಅವನು ಸೆಕೆಂಡಿಗೆ 3 ಮೀಟರ್ ವೇಗ ಪಡೆದು ಡಿಕ್ಕಿ ಹೊಡೆದರೆ, 0.3 ಸೆಕೆಂಡಿನಲ್ಲಿ ನಿಲ್ಲಿಸಲು ಸರಾಸರಿ 1,500 ನ್ಯೂಟನ್ ಬಲ ಬೇಕು. ಅಂದರೆ 150 ಕೆಜಿ ಮೂಟೆ ಎತ್ತಿ ಹಿಡಿದಷ್ಟು. ಅವನು ವೇಗ ಪಡೆಯುವ ಮೊದಲೇ, ಸೆಕೆಂಡಿಗೆ 2 ಮೀಟರ್ ಇರುವಾಗಲೇ ತಡೆದರೆ 1,000 ನ್ಯೂಟನ್ ಸಾಕು. ಮೂರರಲ್ಲೊಂದು ಭಾಗದ ಕಷ್ಟ ತಪ್ಪಿತು, ಸುಮ್ನೆ ಬೇಗ ಹೊರಟಿದ್ದಕ್ಕೆ!

ಬೇಗ ಹೊರಟರೆ ಸಾಲದು, ತಗ್ಗಿನಿಂದ ಏಳಬೇಕು. ಹಂಫ್ರಿ ಶಾಲೆಯಲ್ಲಿದ್ದಾಗ ಕುಸ್ತಿ ಆಡಿದವರು, ಆ ಪಟ್ಟು ಇಲ್ಲಿ ನೆರವಿಗೆ ಬಂದಿದೆ ಅಂತ ನನಗನ್ನಿಸುತ್ತದೆ. ಎದುರಾಳಿಯ ಎದೆಯ ಕೆಳಗೆ ಕೈ ಹಾಕಿ ಮೇಲ್ಮುಖವಾಗಿ ನೂಕಿದರೆ ಅವನ ತೂಕದ ಒಂದಿಷ್ಟು ಪಾಲು ನಿಮ್ಮ ಕೈಗೆ ಬರುತ್ತದೆ. ಅವನ ಪಾದ ನೆಲವನ್ನು ಒತ್ತುವುದು ಕಡಿಮೆಯಾಗುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ, ಹಿಡಿತ ಜಾರುತ್ತದೆ. ಅದೇ ಭಾರ ನಿಮ್ಮ ಪಾದಕ್ಕೆ ಇಳಿದು ನಿಮ್ಮ ಹಿಡಿತ ಗಟ್ಟಿಯಾಗುತ್ತದೆ. ಭಾರಿ ಆಳನ್ನು ಹಗುರ ಆಳು ಹಿಮ್ಮೆಟ್ಟಿಸುವ ಗುಟ್ಟು ಇದು. ಸುಮಾರು 137 ಕೆಜಿಯವರನ್ನು ಹಗುರ ಅನ್ನೋದು ವಿಚಿತ್ರ, ಆದರೆ ಆ ಸಾಲಿನಲ್ಲಿ ಅದು ನಿಜವೇ.

ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ತಲೆಯ ಕೆಲಸ. ಸ್ನ್ಯಾಪ್‌ಗೆ ಮೊದಲು ಸಿಗುವ ಕೆಲವೇ ಸೆಕೆಂಡುಗಳಲ್ಲಿ ಸೆಂಟರ್ ಎದುರಿನ ವ್ಯೂಹ ನೋಡಿ, ಯಾರು ಯಾರನ್ನು ತಡೆಯಬೇಕು ಅಂತ ಅಕ್ಕಪಕ್ಕದವರಿಗೆ ಕೂಗಿ ಹೇಳುತ್ತಾನೆ. ಬೇರೆಯವರ ಮೈದಾನದಲ್ಲಿ ಆ ಕೂಗೂ ಕೇಳುವುದಿಲ್ಲ. ಚೀಫ್ಸ್‌ನ ಆರೋಹೆಡ್ ಮೈದಾನದಲ್ಲೇ 2014ರಲ್ಲಿ 142.2 ಡೆಸಿಬೆಲ್ ಗದ್ದಲ ದಾಖಲಾಗಿ ಗಿನ್ನೆಸ್ ಪುಸ್ತಕ ಸೇರಿತ್ತು. ಅಂಥ ಕಡೆ ಪಕ್ಕದವನು ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕ್ ಸನ್ನೆ ನೋಡಿ ಸೆಂಟರ್‌ನನ್ನು ತಟ್ಟುವುದೂ ಉಂಟು. ಆಮೇಲೆ ಮನಸ್ಸಿನಲ್ಲೇ ಎಣಿಕೆ, ಸ್ನ್ಯಾಪ್.

ಚೆಸ್ ಆಟಗಾರರ ಮೇಲೆ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ನಿಜವಾದ ಆಟದ ಮಣೆಯನ್ನು 5 ಸೆಕೆಂಡು ತೋರಿಸಿದರೆ ಪಳಗಿದ ಆಟಗಾರರು ಕಾಯಿಗಳ ಜಾಗವನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಿದ್ದರು. ಕಾಯಿಗಳನ್ನು ಮನಬಂದಂತೆ ಇಟ್ಟರೆ ಆ ಮೇಲುಗೈ ಉಳಿಯುತ್ತಿರಲಿಲ್ಲ. ಅವರ ನೆನಪಿನ ಶಕ್ತಿ ಬೇರೆಯವರಿಗಿಂತ ದೊಡ್ಡದಲ್ಲ. ಅವರು ಒಂದೊಂದೇ ಕಾಯಿ ನೋಡುವುದಿಲ್ಲ, ಕಂಡು ಗೊತ್ತಿರುವ ಗುಂಪುಗಳನ್ನು ನೋಡುತ್ತಾರೆ. ಸೆಂಟರ್‌ನ ಕಣ್ಣೂ ಹೀಗೇ ಪಳಗುತ್ತದೆ. ಹಂಫ್ರಿ ಕಾಲೇಜಿನಲ್ಲಿ 2018ರಿಂದ 2020ರವರೆಗೆ ಇದೇ ಜಾಗದಲ್ಲಿ ಆಡಿದ್ದರು. ಮೂರು ವರ್ಷಕ್ಕೆ ಮೂವರು ಕ್ವಾರ್ಟರ್‌ಬ್ಯಾಕ್‌ಗಳು: ಕೈಲರ್ ಮರ್ರೇ, ಜೇಲನ್ ಹರ್ಟ್ಸ್, ಸ್ಪೆನ್ಸರ್ ರ್‍ಯಾಟ್ಲರ್. ಮೂವರ ಲಯವನ್ನೂ ಕಲಿತವರು ನಾಲ್ಕನೆಯವರಾಗಿ ಮಹೋಮ್ಸ್ ಸಿಗುವ ಹೊತ್ತಿಗೆ ವೃತ್ತಿಪರ ಲೀಗಿಗೆ ಮಾತ್ರ ಹೊಸಬರಾಗಿದ್ದರು.