ಕಾರ್ಡಿಫ್‌ನಲ್ಲಿ ವೆಲ್ಷ್ ಭಾಷೆ: ಶೇಕಡಾ ಲೆಕ್ಕದ ತೊಡಕು

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಆ ನಾಡಿನ ಸ್ವಂತ ಭಾಷೆ ವೆಲ್ಷ್ ಹೇಗೆ ಇಳಿಯಿತು, ಹೇಗೆ ಏರಿತು? ಈ ಕಥೆಯಲ್ಲಿ ಹಳೆಯ ಕಾಲದ ಭಾಗ ಸುಲಭ. 11ನೇ ಶತಮಾನದ ಕೊನೆಯಲ್ಲಿ ನಾರ್ಮನ್ನರು ಟಾಫ್ ನದಿಯ ದಡದಲ್ಲಿ ಕೋಟೆ ಕಟ್ಟಿದರು. ಅದರ ಆಸರೆಯಲ್ಲಿ ಬೆಳೆದ ಪೇಟೆಗೆ ಇಂಗ್ಲಿಷ್ ಬಂತು; ಸುತ್ತಲಿನ ಲ್ಯಾಂಡಾಫ್, ಲ್ಯಾನಿಷೆನ್‌ನಂತಹ ಹಳ್ಳಿಗಳಲ್ಲಿ ವೆಲ್ಷ್ ಉಳಿಯಿತು. ಸಂತೆಗೆ, ಕೂಲಿಗೆ ಬರುವ ಹಳ್ಳಿಗರ ಜೊತೆ ಅದು ಪೇಟೆಯೊಳಗೂ ಓಡಾಡುತ್ತಿತ್ತು.

‘ಕಾರ್ಡಿಫ್ ಮೊದಲಿನಿಂದಲೂ ಇಂಗ್ಲಿಷ್ ಊರು’ ಎಂದು ವಾದಿಸುವವರು ಜನಗಣತಿಯನ್ನು ತೋರಿಸುತ್ತಾರೆ. ಆದರೆ ವೇಲ್ಸ್‌ನ ಜನಗಣತಿ ಭಾಷೆಯನ್ನು ಕೇಳಿದ್ದೇ 1891ರಲ್ಲಿ. ಅಷ್ಟರೊಳಗೆ ಊರಿನ ಚಹರೆಯೇ ಬದಲಾಗಿತ್ತು. 1839ರಲ್ಲಿ ಬ್ಯೂಟ್ ಹಡಗುಕಟ್ಟೆ ತೆರೆಯಿತು, 1841ಕ್ಕೆ ಉತ್ತರದ ಕಣಿವೆಯ ಮರ್ಥರ್ ಪಟ್ಟಣದಿಂದ ರೈಲು ಬಂತು, ಕಣಿವೆಗಳ ಕಲ್ಲಿದ್ದಲು ಇಲ್ಲಿಂದ ಹಡಗೇರಿತು. 1801ರಲ್ಲಿ ಎರಡು ಸಾವಿರಕ್ಕೂ ಕಡಿಮೆ ಜನರಿದ್ದ ಊರಿನಲ್ಲಿ 1901ಕ್ಕೆ 1,60,000ಕ್ಕೂ ಹೆಚ್ಚು ಜನ! ಇಂಗ್ಲೆಂಡಿನ ಡೆವನ್, ಸಾಮರ್‌ಸೆಟ್‌ಗಳಿಂದ, ಐರ್ಲೆಂಡ್‌ನಿಂದ ಬಂದವರು ಅವರಲ್ಲಿ ಬಹಳ. ಅಂದರೆ ಗಣತಿದಾರರು ಭಾಷೆ ಕೇಳಲು ಬಂದದ್ದು ವಲಸೆಯ ನೆರೆ ನುಗ್ಗಿದ ಮೇಲೆ.

ಈಗ ತೊಡಕಿನ ಹೆಜ್ಜೆ. ಶೇಕಡಾ ಇಳಿದರೆ ಮಾತನಾಡುವವರೂ ಕಡಿಮೆಯಾದರು ಎಂದೇ ಅರ್ಥವಲ್ಲ. 2001ರಲ್ಲಿ ಕಾರ್ಡಿಫ್‌ನಲ್ಲಿ ವೆಲ್ಷ್ ಬಲ್ಲವರು 32,504, ಅಂದರೆ ಶೇ. 11.0. 2011ರಲ್ಲಿ 36,735. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಕೂಡಿದರೂ ಶೇಕಡಾ ಲೆಕ್ಕ ಏರಿದ್ದು 11.1ಕ್ಕೆ ಮಾತ್ರ! ಕಾರಣ ಭಿನ್ನರಾಶಿಯ ಕೆಳಗಿನ ಸಂಖ್ಯೆಯಾದ ಛೇದದಲ್ಲಿದೆ: ಮೇಲಿನ ಅಂಶ, ಅಂದರೆ ವೆಲ್ಷ್ ಬಲ್ಲವರ ಸಂಖ್ಯೆ, ಬೆಳೆದ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಛೇದವಾದ ಊರಿನ ಒಟ್ಟು ಜನಸಂಖ್ಯೆಯೂ ಬೆಳೆಯಿತು. ಛೇದ ಇನ್ನಷ್ಟು ವೇಗವಾಗಿ ಬೆಳೆದಿದ್ದರೆ, ವೆಲ್ಷ್ ಬಲ್ಲ ಹೊಸಬರು ಸೇರಿದರೂ ಶೇಕಡಾ ಕುಸಿಯುತ್ತಿತ್ತು. 19ನೇ ಶತಮಾನವನ್ನು ಓದುವಾಗ ಈ ಲೆಕ್ಕ ಕೈಯಲ್ಲಿರಲಿ. ಆಗ ವೇಲ್ಸ್‌ನ ಹಳ್ಳಿಗಳಿಂದಲೂ ಜನ ಇಲ್ಲಿಗೆ ಬರುತ್ತಿದ್ದರು. ವೆಲ್ಷ್ ಪ್ರಾರ್ಥನಾ ಮಂದಿರಗಳು ನಡೆಯುತ್ತಿದ್ದವು, 1885ರಲ್ಲಿ ವೆಲ್ಷ್ ಭಾಷೆ-ಸಂಸ್ಕೃತಿಗಾಗಿ ಕಮ್ರೊಡೋರಿಯನ್ ಸಂಘವೂ ಹುಟ್ಟಿತು. ಹಾಗೆಂದು ಎಲ್ಲವನ್ನೂ ಛೇದದ ಮೇಲೆ ಹೊರಿಸಬಾರದು. ಶಾಲೆಯಲ್ಲೂ ವ್ಯಾಪಾರದಲ್ಲೂ ಇಂಗ್ಲಿಷ್ ನಡೆಯುತ್ತಿದ್ದಾಗ ಎಷ್ಟೋ ಮನೆಗಳಲ್ಲಿ ಭಾಷೆ ಮಕ್ಕಳಿಗೆ ದಾಟಲೇ ಇಲ್ಲ.

ಇನ್ನೊಂದು ಬಲೆ ನಗರದ ಗಡಿ. ಲ್ಯಾಂಡಾಫ್, ಲ್ಯಾನಿಷೆನ್ ನಗರಕ್ಕೆ ಸೇರಿದ್ದು 1922ರಲ್ಲಿ. ಹಿಂದುಮುಂದಿನ ಗಣತಿಗಳನ್ನು ಹೋಲಿಸುವಾಗ ಒಂದೇ ‘ಕಾರ್ಡಿಫ್’ ಎಂದುಕೊಳ್ಳಬೇಡಿ.

ಏರಿಕೆಯ ಕಥೆ ಚಿಕ್ಕದು: 1949ರಲ್ಲಿ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ, 1978ರಲ್ಲಿ ಅದೇ ಮಾಧ್ಯಮದ ಗ್ಲಾನ್‌ಟಾಫ್ ಪ್ರೌಢಶಾಲೆ, 1982ರಲ್ಲಿ ವೆಲ್ಷ್ ಭಾಷೆಯ ಎಸ್‌4ಸಿ ದೂರದರ್ಶನ ವಾಹಿನಿ, 1999ರಲ್ಲಿ ವೇಲ್ಸ್‌ನ ಶಾಸನಸಭೆ. ಶಾಲೆ ಮಕ್ಕಳಿಗೆ ಭಾಷೆ ಕೊಟ್ಟಿತು, ಉಳಿದವು ಆ ಭಾಷೆಗೆ ಉದ್ಯೋಗ ಕೊಟ್ಟವು. 2011ರಿಂದ 2021ಕ್ಕೆ ಇಡೀ ವೇಲ್ಸ್‌ನ ಪ್ರಮಾಣ ಶೇ. 19.0ರಿಂದ 17.8ಕ್ಕೆ ಇಳಿದರೆ, ಕಾರ್ಡಿಫ್‌ನದು 12.2ಕ್ಕೆ ಏರಿತು.

ಇಲ್ಲೂ ಎಚ್ಚರ ಬೇಕು. ಗಣತಿ ಕೇಳುವುದು ವೆಲ್ಷ್ ಮಾತನಾಡಲು ಬರುತ್ತದೆಯೇ ಎಂದು. ದಿನವೂ ಮಾತನಾಡುತ್ತೀರಾ ಎಂದಲ್ಲ. ಚಿಕ್ಕ ಮಕ್ಕಳ ಪರವಾಗಿ ಉತ್ತರ ತುಂಬುವವರೂ ಮನೆಯ ಹಿರಿಯರೇ.