ಅರ್ಜೆಂಟ್ ಕೇರೋ, ಎಮರ್ಜೆನ್ಸಿ ರೂಮೋ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಟಿಪ್ಪಣಿ

ಕಳೆದ ತಿಂಗಳು ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು, ಟೆಕ್ಸಾಸಿನ ನಮ್ಮ ಮನೆಯ ಹತ್ತಿರದ ಅಂಗಡಿಸಾಲಿನಲ್ಲಿದ್ದ ಚಿಕಿತ್ಸಾಲಯವೊಂದರಲ್ಲಿ ಮೂರು ಹೊಲಿಗೆ ಹಾಕಿಸಿಕೊಂಡೆ. ಅದು ಅರ್ಜೆಂಟ್ ಕೇರ್ ಅಲ್ಲ, ಎಮರ್ಜೆನ್ಸಿ ರೂಮ್ ಎಂಬುದು ಬಿಲ್ ಕೈಗೆ ಬಂದಾಗಲಷ್ಟೇ ತಿಳಿಯಿತು. ಆ ಬಳಿಕ ವಿಮೆಯ ಕಾಗದಗಳನ್ನು ಓದಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮುಂಗಡ ಸಮಯ ಗೊತ್ತುಮಾಡದೆ ಹೋಗಬಹುದಾದ ಅರ್ಜೆಂಟ್ ಕೇರ್, ಪ್ರಾಣಾಪಾಯವಿಲ್ಲದ ಆದರೆ ನಾಳೆಯವರೆಗೆ ಕಾಯಲಾಗದ ತೊಂದರೆಗಳಿಗೆ ಇರುವುದು: ಉಳುಕಿದ ಕಾಲು, ಸಣ್ಣ ಗಾಯ, ಗಂಟಲುನೋವು, ಕಿವಿನೋವು, ಉರಿಮೂತ್ರ. ಎಕ್ಸ್‌ರೇ ಬಹುಪಾಲು ಕಡೆ ಇರುತ್ತದೆ. ಕೊಳಕು ತಾಗಿದ ಗಾಯವಾಗಿ, ಹಿಂದಿನ ಟೆಟನಸ್ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ ಅದನ್ನೂ ಅಲ್ಲಿಯೇ ಹಾಕಿಸಿಕೊಳ್ಳಬಹುದು.

ಎದೆನೋವು, ಉಸಿರಾಟದ ಕಷ್ಟ, ಒಮ್ಮೆಲೇ ಮುಖ ಸೊಟ್ಟಗಾಗುವುದು ಅಥವಾ ಮಾತು ತೊದಲುವುದು, ನಿಲ್ಲದ ರಕ್ತಸ್ರಾವ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ: ಇವುಗಳಿಗೆ ಅರ್ಜೆಂಟ್ ಕೇರ್ ಸಲ್ಲದು. ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಬೇಕು, ಅಗತ್ಯವಿದ್ದರೆ 911ಕ್ಕೆ ಕರೆ ಮಾಡಬೇಕು. 1986ರ ಕಾನೂನಿನಂತೆ ಆಸ್ಪತ್ರೆಯ ಎಮರ್ಜೆನ್ಸಿಯವರು ಹಣದ ಮಾತಿಗೆ ಮೊದಲು ರೋಗಿಯನ್ನು ಪರೀಕ್ಷಿಸಿ, ಪ್ರಾಣಾಪಾಯದಿಂದ ಪಾರುಮಾಡಬೇಕು.

ಇನ್ನು ನಾನು ಎಡವಿದ ಜಾಗ. ಟೆಕ್ಸಾಸಿನಲ್ಲಿ ಆಸ್ಪತ್ರೆಗೆ ಸೇರದೆ ತಾವೇ ಪ್ರತ್ಯೇಕವಾಗಿ ನಡೆಯುವ ಎಮರ್ಜೆನ್ಸಿ ರೂಮುಗಳಿವೆ. ಇವುಗಳಿಗೆ ಪರವಾನಗಿ ನೀಡುವ ರಾಜ್ಯದ ಕಾನೂನು 2009ರದು. ಅದೇ ಅಂಗಡಿಸಾಲು, ಅಂಥದೇ ಗಾಜಿನ ಬಾಗಿಲು, ಅದೇ ಬಗೆಯ ಸ್ವಾಗತ ಮೇಜು, ಹಾಗಾಗಿ ಹೊರನೋಟಕ್ಕೆ ಅವು ಅರ್ಜೆಂಟ್ ಕೇರಿನಂತೆಯೇ ಕಾಣುತ್ತವೆ, ಆದರೆ ಬಿಲ್ ಮಾತ್ರ ಆಸ್ಪತ್ರೆಯ ಎಮರ್ಜೆನ್ಸಿಯ ಮಟ್ಟದ್ದು. ನನ್ನ ವಿಮೆಯಲ್ಲಿ ಅರ್ಜೆಂಟ್ ಕೇರಿಗೆ ನಾನು ಕೊಡಬೇಕಾದದ್ದು 50 ಡಾಲರ್, ಎಮರ್ಜೆನ್ಸಿಗೆ 350. ಫಲಕದಲ್ಲಿ ‘ಎಮರ್ಜೆನ್ಸಿ’ ಅಥವಾ ‘ಇಆರ್’ ಎಂದಿದೆಯೇ ಎಂದು ಮೊದಲು ನೋಡಿ. 24 ಗಂಟೆಯೂ ತೆರೆದಿರುತ್ತದೆ ಎಂದಿದ್ದರೂ ಅನುಮಾನಿಸಿ, ಏಕೆಂದರೆ ಅರ್ಜೆಂಟ್ ಕೇರ್ ಸಾಮಾನ್ಯವಾಗಿ ರಾತ್ರಿ ಮುಚ್ಚಿರುತ್ತದೆ. ಆಸ್ಪತ್ರೆಯ ಎಮರ್ಜೆನ್ಸಿಗೆ ಸಮಾನವಾದ ದರ ವಿಧಿಸುತ್ತೇವೆಂಬ ಸೂಚನೆಯನ್ನು ಇಂಥ ಕಡೆ ಗೋಡೆಗೆ ಹಾಕಿರಲೇಬೇಕು. ನಾನು ಬೆರಳು ಒತ್ತಿ ಹಿಡಿದ ಗಾಬರಿಯಲ್ಲಿ ಅದನ್ನು ಓದಲಿಲ್ಲ.

ಕೇಳುವ ಪ್ರಶ್ನೆಯೂ ಸರಿಯಾಗಿರಬೇಕು. ‘ನನ್ನ ವಿಮೆ ತೆಗೆದುಕೊಳ್ಳುತ್ತೀರಾ’ ಎಂದರೆ ಹೌದೆಂಬ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಆ ಉತ್ತರದಿಂದ ಏನೂ ಖಚಿತವಾಗುವುದಿಲ್ಲ. ‘ನೀವು ನನ್ನ ವಿಮೆಯ ನೆಟ್‌ವರ್ಕಿನೊಳಗೆ ಇದ್ದೀರಾ’ ಎಂದೇ ಕೇಳಬೇಕು. ನೆಟ್‌ವರ್ಕ್ ಎಂದರೆ ವಿಮಾ ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡಿರುವ ಆಸ್ಪತ್ರೆ, ಚಿಕಿತ್ಸಾಲಯಗಳ ಗುಂಪು. 2022ರ ಜನವರಿಯಿಂದ ಜಾರಿಯಲ್ಲಿರುವ ಕೇಂದ್ರ ಕಾನೂನು, ನೆಟ್‌ವರ್ಕಿನ ಹೊರಗಿನ ಎಮರ್ಜೆನ್ಸಿಯವರು ಹೆಚ್ಚುವರಿ ಬಿಲ್ ಕಳಿಸದಂತೆ ತಡೆಯುತ್ತದೆ, ಆದರೆ ಈ ರಕ್ಷಣೆ ಸಾಮಾನ್ಯವಾಗಿ ಅರ್ಜೆಂಟ್ ಕೇರಿಗೆ ಇಲ್ಲ. ಆದ್ದರಿಂದ ನೆಟ್‌ವರ್ಕ್ ವಿಚಾರಿಸಬೇಕಾದದ್ದು ಸಣ್ಣ ಗಾಯಕ್ಕೆ. ಎದೆನೋವು ಬಂದಾಗ ಅದನ್ನು ವಿಚಾರಿಸುತ್ತ ಕೂರಬಾರದು.

ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದೊಯ್ಯುವಾಗ, ಅವರು ನುಂಗುವ ಮಾತ್ರೆಗಳ ಪಟ್ಟಿಯಲ್ಲಿ ಬ್ರ್ಯಾಂಡಿನ ಹೆಸರಿನ ಬದಲು ಔಷಧದ ಹೆಸರನ್ನೂ ಪ್ರಮಾಣವನ್ನೂ ಬರೆದುಕೊಂಡು ಹೋಗಿ. ಡೋಲೋ ಎಂಬ ಹೆಸರು ಇಲ್ಲಿ ಬಳಕೆಯಲ್ಲಿಲ್ಲ. ಪ್ಯಾರಾಸಿಟಮಾಲನ್ನು ಇಲ್ಲಿ ಅಸಿಟಮಿನೋಫೆನ್ ಎನ್ನುತ್ತಾರೆ.