ಅರ್ಧ ಗಂಟೆಗೆ ಚಿತ್ರ ಊದಿಕೊಳ್ಳುವ ಹಳೇ ಸ್ಕೋಪ್

ಪ್ರಶ್ನೆ: ಮುಂಬೈ ಚೋರ್ ಬಜಾರಿನಲ್ಲಿ ಟೆಕ್ಟ್ರಾನಿಕ್ಸ್ 465 ಆಸಿಲೋಸ್ಕೋಪ್ (ವಿದ್ಯುತ್ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಸಿಕ್ಕಿತು. ಆನ್ ಮಾಡಿದಾಗ ಚೆನ್ನಾಗಿರುತ್ತದೆ. ಅರ್ಧ ಗಂಟೆಗೆ ಚಿತ್ರ ಊದಿಕೊಂಡು, ಮಂಕಾಗಿ, ಕೊನೆಗೆ ಮಾಯ. ಪಿಕ್ಚರ್ ಟ್ಯೂಬ್ ಹೋಯಿತಾ? (ಡೊಂಬಿವಲಿಯ ಓದುಗರೊಬ್ಬರು)

ಟ್ಯೂಬ್ ಹೋಗಿಲ್ಲ ಅಂತಲೇ ನನ್ನ ಅಂದಾಜು. ಸವೆದ ಟ್ಯೂಬ್ ಮಂಕಾಗುತ್ತದೆ, ನಿಜ. ಆದರೆ ಚಿತ್ರವನ್ನು ಊದಿಸುವುದಿಲ್ಲ. ಊದಿದರೆ, ಟ್ಯೂಬಿನೊಳಗೆ ಎಲೆಕ್ಟ್ರಾನ್‌ಗಳನ್ನು ಪರದೆಯತ್ತ ಎಳೆಯುವ ಹೈ ವೋಲ್ಟೇಜ್ ಕುಸಿಯುತ್ತಿದೆ ಅಂತಲೇ ಮೊದಲ ಅನುಮಾನ. ಎಳೆತ ಕಡಿಮೆಯಾದರೆ ಎಲೆಕ್ಟ್ರಾನ್ ನಿಧಾನವಾಗುತ್ತದೆ. ಅದನ್ನು ಬಾಗಿಸುವ ಡಿಫ್ಲೆಕ್ಷನ್ ಪ್ಲೇಟುಗಳ ನಡುವೆ ಜಾಸ್ತಿ ಹೊತ್ತು ಇರುತ್ತದೆ, ಜಾಸ್ತಿ ಬಾಗುತ್ತದೆ.

ಹಾಗಾಗಿ ಕವರ್ ಬಿಚ್ಚುವ ಮೊದಲು ಪರದೆಯನ್ನೇ ಮೀಟರ್ ಮಾಡಿಕೊಳ್ಳಿ. ಮುಂದಿರುವ ಕ್ಯಾಲಿಬ್ರೇಟರ್ (ಅಳತೆ ಸರಿಯಿದೆಯೇ ನೋಡಲು ಸ್ಕೋಪೇ ಕೊಡುವ ಸಿಗ್ನಲ್) 300 ಮಿಲಿವೋಲ್ಟಿನ ಅಲೆ ಕೊಡುತ್ತದೆ. ಅದನ್ನು ನೇರ ತಂತಿಯಲ್ಲಿ ಕೊಟ್ಟು ಚೌಕಕ್ಕೆ 50 ಮಿಲಿವೋಲ್ಟ್ ಇಟ್ಟರೆ 6 ಚೌಕ ಎತ್ತರ ಬರಬೇಕು. ಅರ್ಧ ಗಂಟೆ ಬಿಟ್ಟು ನೋಡಿದಾಗ 7 ಆಗಿದೆಯಾ? ಅಡ್ಡಕ್ಕೂ ಅಷ್ಟೇ ಹಿಗ್ಗಿದ್ದರೆ ಹೈ ವೋಲ್ಟೇಜಿನದೇ ಕಾಟ. ಎತ್ತರ ಮಾತ್ರ ಹೆಚ್ಚಿದ್ದರೆ ವರ್ಟಿಕಲ್ ಆಂಪ್ಲಿಫೈಯರ್ ಕಡೆ ಹೋಗಿ. ಚಿತ್ರ ಕುಗ್ಗಿ ಹೊಳಪಾಗುವುದೂ ಉಂಟು. ಆಗ ವೋಲ್ಟೇಜ್ ಏರಿದೆ, ಅದನ್ನು ಹತೋಟಿಯಲ್ಲಿಡುವ ಫೀಡ್‌ಬ್ಯಾಕ್ ರೆಸಿಸ್ಟರ್ ಬೆಲೆ ಬದಲಾಗಿದೆಯೇ ನೋಡಬೇಕು.

ಆಮೇಲೆ ಲೋ ವೋಲ್ಟೇಜ್. +110, +55, +15, +5, −8: ಐದೂ ಬಿಸಿಯಾದ ಮೇಲೂ ನಿಂತಿರಬೇಕು. ಇದನ್ನು ಬಿಟ್ಟು ನೇರ ಹೈ ವೋಲ್ಟೇಜಿಗೆ ಕೈ ಹಾಕಿ ನಾನು ಎರಡು ಭಾನುವಾರ ಸುಮ್ನೆ ಕಳೆದಿದ್ದೇನೆ.

ಇನ್ನು ಭಯಪಡಬೇಕಾದ ಜಾಗ. ಟ್ಯೂಬಿನಲ್ಲಿ ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡ್ −2450 ವೋಲ್ಟಿನಲ್ಲಿರುತ್ತದೆ. ಅದನ್ನು ಕಾಯಿಸುವ ಹೀಟರ್ ತಂತಿಯೂ ಅಷ್ಟರಲ್ಲೇ! "6 ವೋಲ್ಟಿನ ಹೀಟರ್ ತಾನೇ" ಅಂತ ಮುಟ್ಟೀರಿ, ಜೋಕೆ. ಮಾಮೂಲಿ ಮಲ್ಟಿಮೀಟರ್ 1000 ವೋಲ್ಟಿಗೇ ಕೊನೆ. ಹೈ ವೋಲ್ಟೇಜ್ ಪ್ರೋಬ್ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಗೊತ್ತಿದ್ದವರಿಗೆ ಕೊಡಿ. ಪ್ರೋಬ್ ಇದ್ದರೂ ಒಂದು ಕೈ ಜೇಬಿನಲ್ಲಿರಲಿ, ಮನೆಯಲ್ಲಿ ಇನ್ನೊಬ್ಬರಿರಲಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ, ಟ್ಯೂಬಿನ ಆನೋಡಿನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಚಟ್ ಅನಿಸಬೇಡಿ. ಅಷ್ಟು ವೋಲ್ಟೇಜ್ ತಾಳುವ ರೆಸಿಸ್ಟರ್ ಮೂಲಕ ಚಾಸಿಗೆ ನಿಧಾನಕ್ಕೆ ಇಳಿಸಿ.

ಬಿಸಿಯಾದಾಗ −2450 ನಿಜಕ್ಕೂ ಕುಸಿದರೆ ನನ್ನ ಮೊದಲ ಅನುಮಾನ ಮಲ್ಟಿಪ್ಲೈಯರ್ ಮೇಲೆ. ಟ್ಯೂಬಿನ ಮುಂಭಾಗಕ್ಕೆ ಬೇಕಾದ ಸುಮಾರು 15,000 ವೋಲ್ಟ್ ಮಾಡುವ ಡಯೋಡ್-ಕೆಪಾಸಿಟರ್ ಡಬ್ಬಿ ಅದು. ಒಳಗೆ ಲೀಕ್ ಆದರೆ, ಹೈ ವೋಲ್ಟೇಜ್ ಹುಟ್ಟಿಸುವ ಆಸಿಲೇಟರನ್ನೇ ಜಗ್ಗುತ್ತದೆ. ಆಫ್ ಮಾಡಿ, ಚಾರ್ಜ್ ಇಳಿಸಿ, ಅದಕ್ಕೆ ಹೋಗುವ ತಂತಿ ಬಿಡಿಸಿ, ಬ್ರೈಟ್‌ನೆಸ್ ತಗ್ಗಿಸಿ ಮತ್ತೆ ಅಳೆಯಿರಿ. ಅರ್ಧ ಗಂಟೆ ಕಳೆದರೂ −2450 ಅಲುಗದಿದ್ದರೆ ಕಳ್ಳ ಸಿಕ್ಕ. ಆಗಲೂ ಕುಸಿದರೆ ಆಸಿಲೇಟರ್ ಟ್ರಾನ್ಸಿಸ್ಟರ್, ಫಿಲ್ಟರ್ ಕೆಪಾಸಿಟರ್, ಕೊನೆಗೆ ಟ್ರಾನ್ಸ್‌ಫಾರ್ಮರ್. ಕೊನೆಯದಾದರೆ ಖರ್ಚು ಜಾಸ್ತಿ.

ನಮ್ಮ ಮುಂಬೈ ಮಳೆಗಾಲದಲ್ಲಿ ಇನ್ನೊಂದಿದೆ. ಹೈ ವೋಲ್ಟೇಜ್ ಬೋರ್ಡಿನ ಧೂಳು ಜುಲೈನ ತೇವ ಹೀರಿ ಲೀಕ್ ಆಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಲ್ಲಿ ತೊಳೆದು, ಒಂದು ದಿನ ಒಣಗಿಸಿ ನೋಡಿ.

ನನ್ನ ಸ್ಕೋಪಿನಲ್ಲಿ ಮಲ್ಟಿಪ್ಲೈಯರೇ ಹೋಗಿತ್ತು. ಕೈಯಾರೆ ಕಟ್ಟೋಣ ಅಂತ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವರು ಒಂದು ಹಿಡಿ 1ಎನ್4007 ಕೊಟ್ಟು "ಸಬ್ ಸೇಮ್ ಹೈ, ಸಾಬ್" ಅಂದರು. ಸೇಮ್ ಅಲ್ಲ. ಅದು ಮನೆ ಕರೆಂಟಿನ 50 ಹರ್ಟ್ಜ್‌ನ ಡಯೋಡ್. ಇಲ್ಲಿನ ಆಸಿಲೇಟರ್ ಓಡುವುದು ಹತ್ತಾರು ಸಾವಿರ ಹರ್ಟ್ಜ್‌ನಲ್ಲಿ. ಫಾಸ್ಟ್ ಹೈ ವೋಲ್ಟೇಜ್ ಡಯೋಡೇ ಬೇಕು ಅಂತ ಕೇಳಿ ತನ್ನಿ.